ಕೊಮೊಡೋರ್ ಕುರ್ಚಿಗೆ ಯಾರೂ ಇಲ್ಲ: ಹಾಯಿದೋಣಿ ಕ್ಲಬ್ಬಿನವರಿಗೆ ಒಂದು ಪ್ರಶ್ನೆ

ಹಾಯಿಹಗ್ಗ · ಅಕ್ಟೋಬರ್ 14, ರಾತ್ರಿ 10:20

ಎಲ್ಲರಿಗೂ ನಮಸ್ಕಾರ. ನಾನು ಹಾಸನದ ಕಡೆಯವಳು, ಹದಿನಾಲ್ಕು ವರ್ಷದಿಂದ ಇಂಗ್ಲೆಂಡಿನ ನಡುಭಾಗದಲ್ಲಿದ್ದೇನೆ. ಇಲ್ಲಿಂದ ಸಮುದ್ರ ದೂರ. ಆದರೆ ಊರಿಗೆ ನೀರು ಕೊಡುವ ಒಂದು ಜಲಾಶಯವಿದೆ, ಅದರ ದಂಡೆಯಲ್ಲಿ ಒಂದು ಹಾಯಿದೋಣಿ ಕ್ಲಬ್ ಇದೆ. ಮಗಳನ್ನು ಆಪ್ಟಿಮಿಸ್ಟ್ ಕಲಿಯಲು ಬಿಟ್ಟು ನಾನು ಕಾರಿನಲ್ಲಿ ಕುಳಿತು ಕಾಯುತ್ತಿದ್ದೆ. ಆಪ್ಟಿಮಿಸ್ಟ್ ಎಂದರೆ ಮಕ್ಕಳ ದೋಣಿ, ಕಲಗಚ್ಚಿನ ಬಾನಿಗೆ ಹಾಯಿ ಕಟ್ಟಿದ ಹಾಗೆ ಮೊಂಡು ಮೂತಿಯದು. ಒಂದು ದಿನ ಯಾರೋ ಕಾರಿನ ಕಿಟಕಿ ತಟ್ಟಿ, "ಸ್ವಲ್ಪ ಈ ಹಗ್ಗ ಹಿಡಿದುಕೊಳ್ಳುತ್ತೀರಾ?" ಎಂದರು. ಒಂಬತ್ತು ವರ್ಷವಾಯಿತು, ಇನ್ನೂ ಬಿಟ್ಟಿಲ್ಲ.

ನಮ್ಮಲ್ಲಿ ಸಂಬಳದ ಆಳು ಒಬ್ಬರೂ ಇಲ್ಲ. ಗೇಟು ತೆಗೆಯುವುದು, ಹುಲ್ಲು ಕತ್ತರಿಸುವುದು, ಸ್ಪರ್ಧೆ ನಡೆಸುವುದು, ಮಗುಚಿದವರನ್ನು ಎತ್ತುವ ರಕ್ಷಣಾ ದೋಣಿ ಓಡಿಸುವುದು, ಚಹಾ ಕಾಸುವುದು ಎಲ್ಲವನ್ನೂ ಸದಸ್ಯರೇ ಮಾಡಬೇಕು. ಒಂದೊಂದು ಮನೆಗೂ ವರ್ಷಕ್ಕೆ ನಾಲ್ಕು ಪಾಳಿ. ಕೊಮೊಡೋರ್ ಎಂದರೆ ಕ್ಲಬ್ಬಿನ ಅಧ್ಯಕ್ಷರು. ಅವರ ಕೆಳಗೆ ವೈಸ್ ಕೊಮೊಡೋರ್, ರಿಯರ್ ಕೊಮೊಡೋರ್, ಖಜಾಂಚಿ, ಕಾರ್ಯದರ್ಶಿ. ಬಿರುದುಗಳು ಭಾರಿ, ಕೆಲಸ ಚರಂಡಿಯದೂ ಉಂಟು.

ಈಗಿನ ಕೊಮೊಡೋರ್ ಐದು ವರ್ಷ ಮುಗಿಸಿ ಸಾಕು ಎಂದಿದ್ದಾರೆ. ನವೆಂಬರ್ 23ಕ್ಕೆ ವಾರ್ಷಿಕ ಸಭೆ. ನಾಮಪತ್ರದ ಹಾಳೆಯನ್ನು ಸೂಚನಾಫಲಕಕ್ಕೆ ಚುಚ್ಚಿ ಆರು ವಾರವಾಯಿತು, ಒಂದು ಹೆಸರೂ ಬಿದ್ದಿಲ್ಲ. ನೂರಕ್ಕೂ ಹೆಚ್ಚು ಸದಸ್ಯರಲ್ಲಿ ನಿಜವಾಗಿ ಮೈಬಗ್ಗಿಸುವವರು ಮೂವರು. ಕೊಮೊಡೋರ್, ಎಂಜಿನ್ ನೋಡಿಕೊಳ್ಳುವ ಎಪ್ಪತ್ತಾರರ ಹಿರಿಯರು, ಮತ್ತು ನಾನು.

ಕಳೆದ ಭಾನುವಾರದ್ದನ್ನು ಹೇಳುತ್ತೇನೆ. ಅಂದಿನ ಸ್ಪರ್ಧಾಧಿಕಾರಿಯ ಪಾಳಿ ಇದ್ದವರು ಹಿಂದಿನ ರಾತ್ರಿ ಹನ್ನೊಂದಕ್ಕೆ "ಬರಲಾಗದು" ಎಂದು ಸಂದೇಶ ಕಳಿಸಿದ್ದರು. ದಂಡೆಯ ಮೇಲಿನ ಮರದ ಗೂಡಿಗೆ ನಾನೇ ಹತ್ತಿದೆ. ಸ್ಪರ್ಧೆ ಶುರು ಮಾಡಲು ಸೀಟಿ ಊದಿದರೆ ಸಾಕು ಎಂದು ತಿಳಿದವರಿದ್ದಾರೆ. ಐದು ನಿಮಿಷ ಇರುವಾಗ ಸ್ಪರ್ಧಿಸುವ ದೋಣಿಗಳ ವರ್ಗದ ಬಾವುಟ ಮೇಲಕ್ಕೆ, ಹಾರ್ನ್. ನಾಲ್ಕು ನಿಮಿಷಕ್ಕೆ ನೀಲಿಯ ನಡುವೆ ಬಿಳಿ ಚೌಕವಿರುವ "ಪಿ" ಬಾವುಟ ಮೇಲಕ್ಕೆ, ಮತ್ತೆ ಹಾರ್ನ್. ಒಂದು ನಿಮಿಷ ಇರುವಾಗ ಪಿ ಕೆಳಕ್ಕೆ, ಉದ್ದನೆಯ ಹಾರ್ನ್. ಸೊನ್ನೆಗೆ ವರ್ಗದ ಬಾವುಟವೂ ಕೆಳಕ್ಕೆ. ಆ ಕ್ಷಣದಲ್ಲಿ ಯಾವ ದೋಣಿಯ ಮೂತಿ ಆರಂಭದ ಗೆರೆ ದಾಟಿದೆ ಎಂದು ನೋಡಬೇಕು. ದಾಟಿದ್ದರೆ ಬಿಳಿಯ ಮೇಲೆ ನೀಲಿ ಶಿಲುಬೆಯ "ಎಕ್ಸ್" ಬಾವುಟ ಎತ್ತಿ ಇನ್ನೊಂದು ಹಾರ್ನ್. ಇಷ್ಟಕ್ಕೆ ಎರಡು ಕೈ ಸಾಲದು. ಒದ್ದೆ ಹಗ್ಗ ರಾಟೆಯಲ್ಲಿ ಸಿಕ್ಕಿ ಪಿ ಬಾವುಟ ಅರ್ಧ ಕಂಬದಲ್ಲೇ ನಿಂತುಬಿಟ್ಟಿತು, ಯಾರೋ ಸತ್ತ ಹಾಗೆ. ಕೆಳಗೆ ನೀರಿನ ಮೇಲಿಂದ ಕೂಗಾಟ. ಕೂಗುತ್ತಿದ್ದವರಲ್ಲಿ ಇಬ್ಬರು ಈ ವರ್ಷ ಒಂದೇ ಒಂದು ಪಾಳಿ ಮಾಡಿಲ್ಲ.

ನನ್ನ ಅಜ್ಜಿಯ ಊರಿನಲ್ಲಿ ನಾಟಿಗೆ ಮುಯ್ಯಾಳು ಹೋಗುತ್ತಿದ್ದರು. ಇವತ್ತು ನಮ್ಮ ಗದ್ದೆಗೆ ಅವರು, ನಾಳೆ ಅವರ ಗದ್ದೆಗೆ ನಾವು. ಬರೆದಿಟ್ಟ ನಿಯಮ ಯಾವುದೂ ಇರಲಿಲ್ಲ. ಇಲ್ಲಿ ನಿಯಮಾವಳಿಯೇ ಇಪ್ಪತ್ತು ಪುಟ ಇದೆ, ಆಳು ಮಾತ್ರ ಇಲ್ಲ.

ಪಾಳಿ ತಪ್ಪಿಸಿದವರಿಗೆ 50 ಪೌಂಡ್ ದಂಡ ಎಂಬ ಪ್ರಸ್ತಾಪ ಸಭೆಯ ಮುಂದೆ ಬರಲಿದೆ. ಅದರ ಪರವಾಗಿ ಕೈ ಎತ್ತಲೇ ಬೇಡವೇ? ಇಂಥದ್ದನ್ನು ಕಂಡವರು ಹೇಳಿ.

ಮಂಜುಮುಸುಕು · ಅಕ್ಟೋಬರ್ 14, ರಾತ್ರಿ 10:41

ಕೊಮೊಡೋರ್ ಎಂದರೆ ನೌಕಾಪಡೆಯಲ್ಲಿ ಮಾತ್ರ ಇರುತ್ತಾರೆ ಎಂದುಕೊಂಡಿದ್ದೆ. ಕಪ್ಪು ತೊಳೆಯುವುದೂ ಅವರ ಕೆಲಸವೇ?

ಹಾಯಿಹಗ್ಗ · ಅಕ್ಟೋಬರ್ 14, ರಾತ್ರಿ 10:44

ಹೌದು. ಶೌಚಾಲಯ ಕಟ್ಟಿಕೊಂಡರೆ ಅದೂ.

ಲೆಕ್ಕಪತ್ರ · ಅಕ್ಟೋಬರ್ 15, ಬೆಳಗ್ಗೆ 7:05

ದೋಣಿ ಗೊತ್ತಿಲ್ಲ. ಆದರೆ ಬೆಂಗಳೂರಿನಲ್ಲಿ ಇನ್ನೂರು ಮನೆಗಳ ಅಪಾರ್ಟ್‌ಮೆಂಟ್ ಸಂಘಕ್ಕೆ ಆರು ವರ್ಷ ಖಜಾಂಚಿಯಾಗಿದ್ದೆ, ಆದ್ದರಿಂದ ನಿಮ್ಮ ರೋಗ ಗೊತ್ತಿದೆ. ರಾಜ ಕೊಳ ತೋಡಿಸಿ, ರಾತ್ರಿ ಎಲ್ಲರೂ ಒಂದೊಂದು ಕೊಡ ಹಾಲು ತಂದು ಸುರಿಯಿರಿ ಎಂದ ಕಥೆ ಕೇಳಿದ್ದೀರಲ್ಲ? ಬೆಳಗಾದಾಗ ಕೊಳದ ತುಂಬ ನೀರು. ನನ್ನದೊಂದು ಕೊಡ ನೀರು ಯಾರಿಗೆ ತಿಳಿಯುತ್ತದೆ ಎಂದು ಪ್ರತಿಯೊಬ್ಬರೂ ಲೆಕ್ಕ ಹಾಕಿದ್ದರು. ಜನ ಆಗಲೂ ಹಾಗೇ, ಈಗಲೂ ಹಾಗೇ. ದಂಡ ಹಾಕಿ. 50 ಅಲ್ಲ, 100 ಹಾಕಿ. ಜೇಬಿಗೆ ಕೈ ಬಿದ್ದ ದಿನ ಎಲ್ಲರಿಗೂ ಭಾನುವಾರ ನೆನಪಾಗುತ್ತದೆ.

ಡೈಕಿನ ಮೇಲಿನ ಮನೆ · ಅಕ್ಟೋಬರ್ 15, ಮಧ್ಯಾಹ್ನ 1:30

ನೆದರ್ಲೆಂಡ್ಸ್‌ನಿಂದ. ಇಲ್ಲಿನ ದೋಣಿ ಕ್ಲಬ್ಬುಗಳಲ್ಲಿ ಸದಸ್ಯರು ವರ್ಷಕ್ಕೆ ಇಷ್ಟು ಗಂಟೆ ಮೈಮುರಿದು ದುಡಿಯಬೇಕು ಎಂಬ ಪದ್ಧತಿ ಸಾಮಾನ್ಯ. ಅದಕ್ಕೊಂದು ಉದ್ದದ ಪದವೂ ಇದೆ, ಝೆಲ್ಫ್‌ವೆರ್ಕ್‌ಝಾಮ್‌ಹೈಟ್. ಕಟ್ಟೆಗೆ ಬಣ್ಣ ಬಳಿಯುವುದು, ಚಳಿಗಾಲಕ್ಕೆ ದೋಣಿಗಳನ್ನು ದಂಡೆಗೆ ಎತ್ತುವುದು, ಬಂದರಿನ ಕಾವಲು, ಹೀಗೆ. ಬಾರದವರು ಹಣ ಕಟ್ಟಿ ಬಿಡಿಸಿಕೊಳ್ಳಬಹುದು. ನಮ್ಮ ಕ್ಲಬ್ಬಿನಲ್ಲಿ ಇದು ಶುರುವಾದ ಮೂರನೆಯ ವರ್ಷಕ್ಕೆ ಅನುಕೂಲಸ್ಥರೆಲ್ಲ ನಗುನಗುತ್ತಾ ಹಣ ಕಟ್ಟಿದರು. ಬಣ್ಣದ ಡಬ್ಬ ಹಿಡಿದವರು ಮತ್ತೆ ಅದೇ ಏಳು ಮಂದಿ. ಖಾತೆಯಲ್ಲಿ ಹಣವಿತ್ತು, ಕಟ್ಟೆಯಲ್ಲಿ ಜನರಿರಲಿಲ್ಲ.

ಲೆಕ್ಕಪತ್ರ ಅವರಿಗೆ ಒಂದು ಲೆಕ್ಕ. ಇಸ್ರೇಲಿನ ಹೈಫಾದ 10 ಶಿಶುವಿಹಾರಗಳಲ್ಲಿ ಇಬ್ಬರು ಅರ್ಥಶಾಸ್ತ್ರಜ್ಞರು ಮಾಡಿದ ಅಧ್ಯಯನ 2000ದಲ್ಲಿ ಪ್ರಕಟವಾಯಿತು. ಸಂಜೆ ಮಗುವನ್ನು ಕರೆದೊಯ್ಯಲು 10 ನಿಮಿಷಕ್ಕಿಂತ ತಡವಾಗಿ ಬಂದ ಪೋಷಕರಿಗೆ 6 ಕಡೆ 10 ಶೆಕೆಲ್ ದಂಡ ಹಾಕಿದರು. ತಡವಾಗಿ ಬರುವವರ ಸಂಖ್ಯೆ ಇಳಿಯುವ ಬದಲು ಸುಮಾರು ಇಮ್ಮಡಿಯಾಯಿತು. ದಂಡ ತೆಗೆದ ಮೇಲೂ ಅದು ಮೊದಲಿನ ಮಟ್ಟಕ್ಕೆ ಇಳಿಯಲಿಲ್ಲ. ಮೊದಲು ಟೀಚರ ಮುಖ ನೋಡಲು ಸಂಕೋಚ ಪಡುತ್ತಿದ್ದವರು ಆಮೇಲೆ ಹತ್ತು ಶೆಕೆಲ್‌ಗೆ ಸಂಕೋಚವನ್ನು ಮಾರಿಕೊಂಡರು.

ಅಂದಹಾಗೆ, ಕೊಮೊಡೋರ್ ಎಂಬ ಪದ ಇಂಗ್ಲಿಷಿಗೆ ಹೋದದ್ದು ನಮ್ಮ ಡಚ್ಚರಿಂದ ಎನ್ನುತ್ತಾರೆ. ಐರ್ಲೆಂಡಿನ ಕಾರ್ಕ್‌ನಲ್ಲಿ 1720ರಷ್ಟು ಹಳೆಯದಾದ ಒಂದು ಕ್ಲಬ್ ಇದೆ, ಅವರು ಇನ್ನೂ ಮುಂದೆ ಹೋಗಿ ಮುಖ್ಯಸ್ಥರನ್ನು ಅಡ್ಮಿರಲ್ ಎನ್ನುತ್ತಾರೆ. ಅಡ್ಮಿರಲ್ ಸದಸ್ಯರಿಗೆ ಊಟ ಹಾಕುವಾಗ ಎರಡಕ್ಕಿಂತ ಹೆಚ್ಚು ಮಾಂಸದ ಭಕ್ಷ್ಯ ತರಕೂಡದು ಎಂದು ಹಳೆಯ ನಿಯಮವಿತ್ತು. ಅಂದರೆ ಆಗಿನಿಂದಲೂ ಮುಖ್ಯಸ್ಥನಾದವನ ಖರ್ಚು ಹೆಚ್ಚೇ.

ಕಡಲತಡಿ · ಅಕ್ಟೋಬರ್ 15, ರಾತ್ರಿ 9:12

ಮಲ್ಪೆ ಬದಿಯವನು. ಲೆಕ್ಕಪತ್ರ ಅವರೇ, ಆ ಹಾಲಿನ ಕೊಳದ ಕಥೆಯಲ್ಲಿ ಎಲ್ಲರೂ ಜನರನ್ನು ಬೈಯುತ್ತಾರೆ, ರಾಜನನ್ನು ಯಾರೂ ಕೇಳುವುದಿಲ್ಲ. ರಾತ್ರಿ ಹೊತ್ತು ಕತ್ತಲಲ್ಲಿ ಬಂದು ಸುರಿಯಿರಿ ಎಂದದ್ದು ಯಾರು? ಇಷ್ಟು ಹಾಲು ಯಾತಕ್ಕೆ ಎಂದಾದರೂ ಹೇಳಿದನೇ? ಹಗಲು ಹೊತ್ತಿನಲ್ಲಿ, ಈ ಬೀದಿಯ ಇಂಥ ಹತ್ತು ಮನೆಯವರು ಇವತ್ತು ಪಾಯಸಕ್ಕೆ ಹಾಲು ತನ್ನಿ ಎಂದಿದ್ದರೆ ಒಂದು ತೊಟ್ಟು ನೀರು ಬೀಳುತ್ತಿರಲಿಲ್ಲ.

ನಮ್ಮ ಅಜ್ಜ ರಂಪಣಿ ಎಳೆದವರು. ಗೊತ್ತಿಲ್ಲದವರಿಗೆ: ರಂಪಣಿ ಎಂದರೆ ದಡದಿಂದ ಎಳೆಯುವ ದೊಡ್ಡ ಬಲೆ. ದೋಣಿಯಲ್ಲಿ ಬಲೆಯನ್ನು ಕಡಲಿನಲ್ಲಿ ಅರ್ಧಚಂದ್ರದ ಹಾಗೆ ಬಿಟ್ಟುಕೊಂಡು ಬಂದು, ಎರಡೂ ತುದಿಯ ಹಗ್ಗವನ್ನು ಮರಳ ಮೇಲೆ ನಿಂತ ಹತ್ತಾರು ಮಂದಿ ಗಂಟೆಗಟ್ಟಲೆ ಎಳೆಯಬೇಕು. ಬಂದ ಬಂಗುಡೆ, ಬೂತಾಯಿ ದಡದಲ್ಲೇ ಪಾಲಾಗುತ್ತಿತ್ತು. ಅಲ್ಲಿ ಕಳ್ಳಾಟ ನಡೆಯುತ್ತಿರಲಿಲ್ಲ, ಏಕೆಂದರೆ ನಿಮ್ಮ ಮುಂದಿನವನ ಬೆನ್ನು ನಿಮ್ಮ ಕಣ್ಣೆದುರಿಗೇ ಇರುತ್ತದೆ. ಹಗ್ಗಕ್ಕೆ ಬಲ ಬಿತ್ತೋ ಇಲ್ಲವೋ ಹಿಂದಿನವನ ಅಂಗೈಗೆ ತಿಳಿಯುತ್ತದೆ. ಅಜ್ಜ ಇನ್ನೊಂದು ಮಾತು ಹೇಳುತ್ತಿದ್ದರು. ವಯಸ್ಸಾದವರು ಹಗ್ಗದ ತುದಿಯಲ್ಲಿ ನಿಂತು ಎಳೆದ ಹಗ್ಗವನ್ನು ಸುರುಳಿ ಸುತ್ತುತ್ತಿದ್ದರಂತೆ. ಬಲ ಬೇಡದ ಕೆಲಸ. ಪಾಲು ಅವರಿಗೂ ಉಂಟು.

1970ರ ದಶಕದಲ್ಲಿ ಮೀನಿನ ಹಿಂಡನ್ನು ಕಡಲಲ್ಲೇ ಬಲೆಯಿಂದ ಸುತ್ತುವರಿಯುವ ಪರ್ಸೀನ್ ಯಂತ್ರದೋಣಿಗಳು ಬಂದವು, ದೊಡ್ಡ ರಂಪಣಿ ಮೂಲೆ ಸೇರಿತು. ಕೈರಂಪಣಿ ಈಗಲೂ ಅಲ್ಲಲ್ಲಿ ಕಾಣಸಿಗುತ್ತದೆ, ಉಡುಪಿಗೆ ಬಂದಾಗ ನೋಡಿ.

ಹಾಯಿಹಗ್ಗ ಅವರೇ, ನಿಮ್ಮ ಕ್ಲಬ್ಬಿನಲ್ಲಿ ಹಗ್ಗ ಸುತ್ತುವ ಕೆಲಸ ಯಾವುದು?

ಕೊಚ್ಚಿ ಪ್ರವಾಸಿ · ಅಕ್ಟೋಬರ್ 16, ಬೆಳಗ್ಗೆ 8:50

ಕೇರಳದ ಚುಂಡನ್ ವಳ್ಳಂ, ಅಂದರೆ ಹಾವುದೋಣಿಯ ಬಗ್ಗೆ ಒಂದು ಮಾತು. ನೂರು ಅಡಿಗೂ ಹೆಚ್ಚು ಉದ್ದ, ನೂರರ ಹತ್ತಿರ ಜನ. 1952ರಲ್ಲಿ ನೆಹರು ಅವರ ಭೇಟಿಯಿಂದ ಶುರುವಾದ ಆಲಪ್ಪುಳದ ಟ್ರೋಫಿ ಸ್ಪರ್ಧೆಗೆ ಊರೂರುಗಳು ತಿಂಗಳುಗಟ್ಟಲೆ ತಯಾರಾಗುತ್ತವೆ. ಈಗ ಹೊರಗಿನಿಂದ ಹಣಕ್ಕೆ ಹುಟ್ಟುಗಾರರನ್ನು ಕರೆಸುವುದೂ ಇದೆ. ನನ್ನ ಆಫೀಸಿನ ಸಹೋದ್ಯೋಗಿಯ ಊರಿನವರಿಗೆ ಗೆದ್ದಾಗ ಖುಷಿಯೇ, ಆದರೆ "ಒಳಗೆ ಕುಳಿತವರಲ್ಲಿ ನಮ್ಮವರು ಎಷ್ಟು?" ಎಂದು ಅವನು ಎಣಿಸುತ್ತಲೇ ಇರುತ್ತಾನೆ.

ಹಳೆಯ ಅಂಬಿಗ · ಅಕ್ಟೋಬರ್ 16, ಸಂಜೆ 6:15

ನಿವೃತ್ತ ಸೈನಿಕ. ಹಾಯಿ ಕಟ್ಟಲು ಕಲಿತದ್ದು ಬೆಂಗಳೂರಿನ ಹಲಸೂರು ಕೆರೆಯಲ್ಲಿ, ಮದ್ರಾಸ್ ಎಂಜಿನಿಯರ್ ಗ್ರೂಪಿನ ದಿನಗಳಲ್ಲಿ. ಸೈನ್ಯದಲ್ಲಿ ಇದೊಂದು ಸಮಸ್ಯೆಯೇ ಅಲ್ಲ, ಹೇಳಿದರೆ ಆಗಬೇಕು. ನಾಗರಿಕರ ಕ್ಲಬ್ಬಿಗೆ ಬಂದ ಮೇಲೆ ಎರಡು ವರ್ಷ ನಾನು ಆಜ್ಞೆ ಮಾಡಿದೆ, ಎರಡು ವರ್ಷವೂ ಜನ ಕಡಿಮೆಯಾದರು.

ತಂಗಿ, ಬೇಸರ ಮಾಡಿಕೊಳ್ಳಬೇಡಿ, ಎರಡು ಪ್ರಶ್ನೆ. ಆ ಪಿ ಬಾವುಟದ ಸರದಿ ನಿಮ್ಮ ಕ್ಲಬ್ಬಿನಲ್ಲಿ ಎಷ್ಟು ಜನರಿಗೆ ಗೊತ್ತು? ಕಳೆದ ಒಂದು ವರ್ಷದಲ್ಲಿ ನೀವು ಎಷ್ಟು ಜನರಿಗೆ ಹೇಳಿಕೊಟ್ಟಿದ್ದೀರಿ? ನಿಮ್ಮ ಬರಹದಲ್ಲಿ ಆಯಾಸ ಇದೆ, ನಿಜ. ಆದರೆ ಸ್ವಲ್ಪ ಹೆಮ್ಮೆಯೂ ಇಣುಕುತ್ತಿದೆ. ನಾನೂ ಅದನ್ನು ಉಂಡವನು, ಅದಕ್ಕೇ ವಾಸನೆ ಹತ್ತುತ್ತದೆ.

ಹಾಯಿಹಗ್ಗ · ಅಕ್ಟೋಬರ್ 16, ರಾತ್ರಿ 11:02

ಬೇಸರವಾಯಿತು. ಹೆಮ್ಮೆ ಪಡಲು ಸಮಯವಾದರೂ ಎಲ್ಲಿದೆ? ಹೇಳಿಕೊಡೋಣ ಎಂದರೆ ಬಂದವರು ತಾನೇ ಬೇಕು. ಇ-ಮೇಲ್ ಕಳಿಸುತ್ತೇನೆ, ಫಲಕಕ್ಕೆ ಹಾಕುತ್ತೇನೆ, ಸ್ಪರ್ಧೆ ಮುಗಿದ ಮೇಲೆ ಎದ್ದು ನಿಂತು ಕೂಗುತ್ತೇನೆ. ಎಲ್ಲರೂ ತಮ್ಮ ತಮ್ಮ ಶೂ ನೋಡಿಕೊಳ್ಳುತ್ತಾರೆ.

ಒದ್ದೆಕಾಲು · ಅಕ್ಟೋಬರ್ 17, ಬೆಳಗ್ಗೆ 6:40

ಆ ಶೂ ನೋಡಿಕೊಳ್ಳುವವಳು ನಾನೇ. ನಿಮ್ಮ ಕ್ಲಬ್ಬಿನವಳಲ್ಲ, ಇಂಗ್ಲೆಂಡಿನ ಇನ್ನೊಂದು ಮೂಲೆಯವಳು. ಎರಡು ವರ್ಷ ಒಂದು ಪಾಳಿಯನ್ನೂ ಮಾಡದೆ ತಪ್ಪಿಸಿಕೊಂಡೆ. ನನ್ನ ಕಡೆಯ ಮಾತನ್ನೂ ಕೇಳಿ.

"ಸ್ವಯಂಸೇವಕರು ಬೇಕು" ಎಂದು ಎಲ್ಲರಿಗೂ ಬಂದ ಇ-ಮೇಲ್ ಓದಿದಾಗ ಅದು ನನಗಲ್ಲ, ಬಲ್ಲವರಿಗೆ ಎಂದುಕೊಂಡೆ. ಅಲ್ಲಿಯ ಹಿರಿಯರು ಆಡುವ ಮಾತಿನಲ್ಲಿ ಅರ್ಧ ಪದ ನನಗೆ ತಿಳಿಯುತ್ತಿರಲಿಲ್ಲ. ಹೆಸರು ಕೊಟ್ಟು, ಎಲ್ಲರೆದುರು ತಪ್ಪು ಹಾರ್ನ್ ಊದಿ, ಇಪ್ಪತ್ತು ದೋಣಿಯವರು ತಿರುಗಿ ನೋಡುವುದನ್ನು ಕಲ್ಪಿಸಿಕೊಂಡರೆ ಹೊಟ್ಟೆ ತೊಳಸುತ್ತಿತ್ತು. ಕಂದು ಬಣ್ಣದವಳು ಬೇರೆ. ತಪ್ಪಾದರೆ ಅದು ನನ್ನೊಬ್ಬಳ ತಪ್ಪಾಗಿ ಉಳಿಯುವುದಿಲ್ಲ ಎಂಬ ಅಳುಕೂ ಇತ್ತು. ಯಾರೂ ಹಾಗೆ ಅಂದಿದ್ದಿಲ್ಲ. ಅಳುಕಿಗೆ ಯಾರೂ ಅನ್ನಬೇಕಾಗಿಲ್ಲ.

ಇನ್ನೊಂದು ಭಯ, ಒಂದು ಸಲ ಹೂಂ ಎಂದರೆ ಬಿಡಿಸಿಕೊಳ್ಳಲಾಗದು ಎಂಬುದು. ಹೂಂ ಎಂದವರ ಗತಿ ಏನಾಗಿದೆ ಎಂದು ಕಣ್ಣೆದುರಿಗೇ ಕಾಣುತ್ತಿತ್ತಲ್ಲ. ಹಾಯಿಹಗ್ಗ ಅಕ್ಕ, ನಿಮ್ಮಂಥವರನ್ನು ನೋಡಿಯೇ ನನ್ನಂಥವರು ಓಡುವುದು.

ಒಂದು ದಿನ ಒಬ್ಬರು ಬಂದು ಕೇಳಿದರು: "ಬರುವ ಭಾನುವಾರ ಹತ್ತರಿಂದ ಹನ್ನೆರಡರವರೆಗೆ ನನ್ನ ಪಕ್ಕ ಕುಳಿತು ಗಡಿಯಾರ ನೋಡಿ ಸೆಕೆಂಡು ಕೂಗುತ್ತೀಯಾ? ಬೇರೇನೂ ಮುಟ್ಟಬೇಡ." ಎರಡು ಗಂಟೆ, ಒಂದೇ ಕೆಲಸ. ಹೋದೆ. ಮೂರನೆಯ ಸಲ ಅವರು ಹಾರ್ನ್ ನನ್ನ ಕೈಗೆ ಕೊಟ್ಟು ಚಹಾ ತರಲು ಎದ್ದರು. ಬೇಕೆಂದೇ ಎದ್ದರು ಎಂದು ಈಗ ಗೊತ್ತಾಗುತ್ತದೆ. ಕಳೆದ ಚಳಿಗಾಲ ಆರ್‌ವೈಎ, ಅಂದರೆ ಬ್ರಿಟನ್ನಿನ ದೋಣಿ ಕ್ರೀಡೆಯ ರಾಷ್ಟ್ರೀಯ ಸಂಘದವರ ಪವರ್‌ಬೋಟ್ ಎರಡನೆಯ ಹಂತದ ತರಬೇತಿ ಮುಗಿಸಿದೆ, ಎರಡು ದಿನದ್ದು. ಈಗ ರಕ್ಷಣಾ ದೋಣಿ ಓಡಿಸುತ್ತೇನೆ.

ಹಳೆಯ ಅಂಬಿಗ · ಅಕ್ಟೋಬರ್ 17, ಬೆಳಗ್ಗೆ 9:30

ಆ ಚಹಾ ತರಲು ಎದ್ದವರಿಗೆ ನನ್ನ ನಮಸ್ಕಾರ ತಿಳಿಸಿ.

ಲೆಕ್ಕಪತ್ರ · ಅಕ್ಟೋಬರ್ 17, ರಾತ್ರಿ 8:20

ದಂಡದ ವಿಷಯದಲ್ಲಿ ಅರ್ಧ ಸೋತೆ ಎಂದು ಬರೆದುಕೊಳ್ಳಿ, ಪೂರ್ತಿ ಅಲ್ಲ. ಹೈಫಾದ ಹತ್ತು ಶೆಕೆಲ್ ತೀರಾ ಅಗ್ಗವಾಯಿತು ಎಂದು ಈಗಲೂ ವಾದಿಸಬಲ್ಲೆ.

ಆದರೆ ಕೊಮೊಡೋರ್ ಕುರ್ಚಿಯ ಬಗ್ಗೆ ಒಂದು ಮಾತು. ನಮ್ಮ ಸಂಘದಲ್ಲೂ ಕಾರ್ಯದರ್ಶಿ ಹುದ್ದೆಗೆ ಎರಡು ವರ್ಷ ಯಾರೂ ಬರಲಿಲ್ಲ. ಕಡೆಗೆ ಹಳೆಯ ಕಾರ್ಯದರ್ಶಿಯನ್ನು ಕೂರಿಸಿ, ಒಂದು ತಿಂಗಳಿನಲ್ಲಿ ಏನೇನು ಮಾಡುತ್ತೀರಿ ಎಂದು ಬರೆಸಿದೆವು. ಮೂವತ್ತೇಳು ಕೆಲಸ! ನೀರಿನ ಟ್ಯಾಂಕರಿನವನಿಗೆ ಫೋನು ಮಾಡುವುದರಿಂದ ಗಣೇಶನ ಹಬ್ಬದ ಶಾಮಿಯಾನದವರೆಗೆ. ನಿಯಮದ ಪ್ರಕಾರ ಅವರದಾಗಿದ್ದದ್ದು ಒಂಬತ್ತು. ಉಳಿದದ್ದನ್ನು ತುಂಡು ಮಾಡಿ ಹಂಚಿದ ಮೇಲೆ ಆ ಕುರ್ಚಿಗೆ ಇಬ್ಬರು ಪೈಪೋಟಿಗೆ ಬಿದ್ದರು. ನಿಮ್ಮ ಕೊಮೊಡೋರರಿಂದಲೂ ಬರೆಸಿ. ನೀವೂ ಬರೆಯಿರಿ.

ಹಾಯಿಹಗ್ಗ · ಅಕ್ಟೋಬರ್ 19, ರಾತ್ರಿ 9:55

ಬರೆದೆ. ಕೊಮೊಡೋರರದು ಇಪ್ಪತ್ತೆರಡು ಕೆಲಸ, ನನ್ನದು ಮೂವತ್ತೊಂದು. ಅದರಲ್ಲಿ ಹದಿಮೂರನ್ನು ನನಗೆ ಯಾರೂ ಒಪ್ಪಿಸಿರಲಿಲ್ಲ. ಅಂಬಿಗ ಅಣ್ಣಾ, ನಿಮ್ಮ ಮೂಗು ಚೂಪಾಗಿದೆ. ಒದ್ದೆಕಾಲು, ನಿನ್ನ ಮಾತನ್ನು ಎರಡು ಸಲ ಓದಿದೆ.

ಸಭೆ ಮುಗಿದ ಮೇಲೆ ಬರುತ್ತೇನೆ.

ಹಾಯಿಹಗ್ಗ · ನವೆಂಬರ್ 30, ಸಂಜೆ 7:10

ಕೇಳಿದವರಿಗಾಗಿ ವರದಿ. ಎಲ್ಲ ಸುಸೂತ್ರವಾಗಿದೆ ಎಂದು ಹೇಳಲಾರೆ.

ದಂಡದ ಪ್ರಸ್ತಾಪ ಬಿದ್ದುಹೋಯಿತು. ಹೈಫಾದ ಕಥೆ ಹೇಳಿದೆ, ಖಜಾಂಚಿ ಮುನಿಸಿಕೊಂಡರು. ಅದರ ಬದಲು ಪ್ರತಿ ಪಾಳಿಗೂ ಜೋಡಿ ಹಾಕಿದ್ದೇವೆ. ಬಲ್ಲವರು ಒಬ್ಬರು, ಹೊಸಬರು ಒಬ್ಬರು. ಗೂಡಿನ ಗೋಡೆಗೆ ಬಾವುಟಗಳ ಚಿತ್ರ ಬಿಡಿಸಿದ ಹಲಗೆ ಬಂದಿದೆ: 5, 4, 1, 0. ಹಗ್ಗಗಳ ತುದಿಗೆ ಬೇರೆ ಬೇರೆ ಬಣ್ಣದ ಟೇಪು. ಇಷ್ಟಕ್ಕೆ ಒಂದು ಮಧ್ಯಾಹ್ನ ಸಾಕಾಯಿತು. ಒಂಬತ್ತು ವರ್ಷ ಏಕೆ ಮಾಡಲಿಲ್ಲ ಎಂದು ನನ್ನನ್ನು ಕೇಳಬೇಡಿ.

ಎಲ್ಲರಿಗೂ ಇ-ಮೇಲ್ ಕಳಿಸುವುದನ್ನು ನಿಲ್ಲಿಸಿ ಒಬ್ಬೊಬ್ಬರಿಗೇ ಫೋನು ಮಾಡಿದೆ. ಅಂದು ನೀರಿನಿಂದ ಕೂಗಿದ ಇಬ್ಬರಲ್ಲಿ ಒಬ್ಬರಿಗೂ ಮಾಡಿದೆ, ಜಗಳವಾಡುವ ಉದ್ದೇಶದಿಂದಲೇ. ಅವರಿಗೆ ಎರಡು ವರ್ಷದ ಹಿಂದೆ ಮಂಡಿಯ ಶಸ್ತ್ರಚಿಕಿತ್ಸೆಯಾಗಿದೆಯಂತೆ. ಸ್ವಂತ ದೋಣಿಯಲ್ಲಿ ಹೇಗೋ ಕೂರಬಲ್ಲರು, ರಕ್ಷಣಾ ದೋಣಿಯಲ್ಲಿ ಮಂಡಿಯೂರಿ ಬಗ್ಗಿ ಇನ್ನೊಬ್ಬರನ್ನು ನೀರಿನಿಂದ ಎತ್ತಲಾರರು. ಆ ಕಾಲದ ಕಾರ್ಯದರ್ಶಿಗೆ ಹೇಳಿದ್ದರು, ಅವರು ಎಲ್ಲೂ ಬರೆದಿಡಲಿಲ್ಲ. ಪ್ರತಿ ವರ್ಷವೂ ನಾವು ಅವರಿಗೆ ಅದೇ ಪಾಳಿ ಹಾಕುತ್ತಿದ್ದೆವು, ಅವರು ಸುಮ್ಮನೆ ಬಾರದೆ ಇರುತ್ತಿದ್ದರು. ಈಗ ಫಲಿತಾಂಶದ ಲೆಕ್ಕ ಅವರದು. ಬೇರೆ ಬೇರೆ ಮಾದರಿಯ ದೋಣಿಗಳು ಒಟ್ಟಿಗೆ ಓಡುವುದರಿಂದ ಪ್ರತಿ ಮಾದರಿಗೂ ಒಂದು ಪೋರ್ಟ್ಸ್‌ಮತ್ ಸಂಖ್ಯೆ ಇರುತ್ತದೆ. ತೆಗೆದುಕೊಂಡ ಸಮಯವನ್ನು ಸಾವಿರದಿಂದ ಗುಣಿಸಿ ಆ ಸಂಖ್ಯೆಯಿಂದ ಭಾಗಿಸಬೇಕು. ನಾನು ರಾತ್ರಿ ಹತ್ತಕ್ಕೆ ಹಾಕುತ್ತಿದ್ದ ಫಲಿತಾಂಶವನ್ನು ಅವರು ಚಹಾ ಆರುವ ಮೊದಲು ಹಾಕುತ್ತಾರೆ. ಕಡಲತಡಿಯವರೇ, ಹಗ್ಗ ಸುತ್ತುವ ಕೆಲಸ ಇದೇ ಇರಬೇಕು.

ಇನ್ನೊಬ್ಬರು ಮಾತ್ರ ನಿಜವಾಗಿಯೂ ಸೋಮಾರಿ. ಫೋನಿನಲ್ಲೇ ಒಪ್ಪಿಕೊಂಡರು.

ಎಂಜಿನ್ನಿನ ಹಿರಿಯರದು ದೊಡ್ಡ ಕಥೆ. "ಹೇಳಿಕೊಡುವಷ್ಟರಲ್ಲಿ ನಾನೇ ಮಾಡಿ ಮುಗಿಸುತ್ತೇನೆ" ಎಂದು ಮೂರು ಸಲ ನನ್ನನ್ನು ಓಡಿಸಿದರು. ನಾಲ್ಕನೆಯ ಸಲ ನಾನು ಹೋಗಲಿಲ್ಲ, ಮಗಳನ್ನು ಕಳಿಸಿದೆ. ಅವಳಿಗೀಗ ಹದಿನೇಳು. ಅವರ ಶೆಡ್ಡಿನ ಗೋಡೆಯಲ್ಲಿ ಒಂದು ಮೊಳೆ, ಮೊಳೆಗೆ ಎರಡು ವಸ್ತು. ಒಂದು, ಎಂಜಿನ್ನಿನ ಕೆಂಪು ಸುರುಳಿ ಹಗ್ಗ. ಓಡಿಸುವವರು ಅದನ್ನು ಕಾಲಿಗೆ ಸಿಕ್ಕಿಸಿಕೊಳ್ಳಬೇಕು, ಆಯತಪ್ಪಿ ನೀರಿಗೆ ಬಿದ್ದರೆ ಹಗ್ಗ ಕಳಚಿ ಎಂಜಿನ್ ನಿಲ್ಲುತ್ತದೆ. ಇನ್ನೊಂದು, ದೋಣಿಯ ತಳದ ತೂತಿಗೆ ಹಾಕುವ ಬಿರಡೆ. ಎರಡನ್ನೂ ಒಂದೇ ಮೊಳೆಗೆ ಏಕೆ ನೇತುಹಾಕಿದ್ದೀರಿ ಎಂದು ಇವಳು ಕೇಳಿದಳಂತೆ. ಒಮ್ಮೆ ಯಾರೋ ಬಿರಡೆ ಮರೆತು ದೋಣಿ ಇಳಿಸಿ, ನಡು ನೀರಿನಲ್ಲಿ ಪಾದ ಮುಳುಗುವಷ್ಟು ನೀರು ತುಂಬಿತ್ತು. ಅಂದಿನಿಂದ ಹೀಗೆ: ಹಗ್ಗ ತೆಗೆಯಲು ಕೈ ಹಾಕಿದರೆ ಮೊದಲು ಬಿರಡೆ ತಗಲುತ್ತದೆ. ಇದು ಕ್ಲಬ್ಬಿನ ಯಾವ ಪುಟದಲ್ಲೂ ಇಲ್ಲ. ನಾನು ಒಂಬತ್ತು ವರ್ಷ ಆ ಮೊಳೆಯನ್ನು ನೋಡಿದ್ದೇನೆ, ಕೇಳಿರಲಿಲ್ಲ. ಈಗ ಶನಿವಾರ ಶನಿವಾರ ಅವಳ ಕೈಯೆಲ್ಲ ಗ್ರೀಸು.

ಕೊಮೊಡೋರ್ ಕುರ್ಚಿಗೆ ಸಭೆಯಲ್ಲಿ ಒಬ್ಬರು ಸಿಕ್ಕರು, ಎರಡೇ ವರ್ಷ ಎಂಬ ಷರತ್ತಿನ ಮೇಲೆ. ನಾನಲ್ಲ. ಕೈ ಎತ್ತಲು ಹೋದಾಗ ಗಂಡ ನನ್ನ ತೋಳು ಹಿಡಿದುಕೊಂಡರು. ವೈಸ್ ಕೊಮೊಡೋರ್ ಸ್ಥಾನ ಇನ್ನೂ ಖಾಲಿ ಇದೆ. ಹೊಸ ಪಾಳಿಪಟ್ಟಿ ನೋಡಿ ಒಂದು ಕುಟುಂಬ ಸದಸ್ಯತ್ವ ಬಿಟ್ಟಿತು, ಆ ಮನೆಯ ಹುಡುಗ ಚೆನ್ನಾಗಿ ಹಾಯಿ ಹಿಡಿಯುತ್ತಿದ್ದ. ಅದೊಂದು ಕೊರೆಯುತ್ತಿದೆ.

ಒದ್ದೆಕಾಲು · ನವೆಂಬರ್ 30, ಸಂಜೆ 7:48

ಆ ಹುಡುಗನಿಗೆ ನೇರವಾಗಿ ಫೋನು ಮಾಡಿ ಅಕ್ಕ. ಅಪ್ಪ ಅಮ್ಮನಿಗಲ್ಲ.

ಮಂಜುಮುಸುಕು · ನವೆಂಬರ್ 30, ರಾತ್ರಿ 9:05

ನಾನಿರುವುದು ಕವೆಂಟ್ರಿಯಲ್ಲಿ. ದೋಣಿ ಗೊತ್ತಿಲ್ಲ, ಈಜಲೂ ಬಾರದು, ಉಪ್ಪಿಟ್ಟು ಬರುತ್ತದೆ. ಚಳಿಗಾಲದಲ್ಲಿ ಅಡುಗೆಮನೆಯ ಪಾಳಿ ಖಾಲಿ ಇದ್ದರೆ ಹೇಳಿ. ಎರಡು ಭಕ್ಷ್ಯದ ನಿಯಮ ಉಪ್ಪಿಟ್ಟಿಗೆ ಅನ್ವಯಿಸುವುದಿಲ್ಲ ತಾನೇ?

ಹಾಯಿಹಗ್ಗ · ನವೆಂಬರ್ 30, ರಾತ್ರಿ 9:20

ಜನವರಿ 18, ಭಾನುವಾರ. ಎಂಟೂವರೆಗೆ ಗೇಟು ತೆಗೆದಿರುತ್ತೇನೆ. ಅಲ್ಲ, ತಪ್ಪಾಯಿತು, ಅಂದು ಬೀಗದ ಪಾಳಿ ನನ್ನದಲ್ಲ. ಯಾರಾದರೂ ತೆಗೆದಿರುತ್ತಾರೆ. ರವೆ, ಕರಿಬೇವು ನೀವೇ ತನ್ನಿ. ದೊಡ್ಡ ಬಾಣಲೆ ಇದೆ, ಒಂದು ಹಿಡಿ ಸಡಿಲ, ಬಟ್ಟೆ ಸುತ್ತಿ ಹಿಡಿದುಕೊಳ್ಳಿ.